ಪದಕ ಕೊರಿಯಾಕ್ಕೆ, ಕುರ್ಚಿ ಢಾಕಾಕ್ಕೆ

ಪರ್ಯಾಯಕ್ಕೆಂದು ಕೊರಿಯಾದ ಉಲ್ಸಾನ್‌ನಿಂದ ರಜೆ ಹಾಕಿ ಉಡುಪಿಗೆ ಬಂದರೆ ರಥಬೀದಿಯಲ್ಲಿ ಸಿಕ್ಕವರು ಕೇಳುವುದು ಕೊರಿಯಾದ ಚಳಿ, ಕಿಮ್ಚಿ, ಸಂಬಳ ಇಷ್ಟೇ. ಈ ಸಲ ಗೆಳೆಯನೊಬ್ಬ ಗೋಳಿಬಜೆ ಮುರಿಯುತ್ತಾ ಬೇರೆಯೇ ಕೇಳಿದ: "ಎಂತ ಮಾರಾಯ, ಆರ್ಚರಿಯಲ್ಲಿ ನಿಮ್ಮ ಕೊರಿಯಾದವರೇ ರಾಜರು. ಏಷ್ಯಾ ಆರ್ಚರಿ ಒಕ್ಕೂಟದ ಅಧ್ಯಕ್ಷಗಿರಿ ಬಾಂಗ್ಲಾದೇಶಕ್ಕೆ ಹೋದದ್ದು ಹೇಗೆ?"

ನಾನು ಆರ್ಚರಿ ಪಂಡಿತನಲ್ಲ. ಆದರೆ ಹ್ಯುಂಡೈ ಕಾರಿನ ಊರಾದ ಉಲ್ಸಾನ್‌ನಲ್ಲಿ ಇದ್ದುಕೊಂಡು ಹ್ಯುಂಡೈ ಮನೆತನದ ಸುದ್ದಿ ಕಿವಿಗೆ ಬೀಳದಿರಲು ಸಾಧ್ಯವಿಲ್ಲ. ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ಗೆ ಆರ್ಚರಿ ಮೊದಲ ಸಲ ಸೇರಿದ 1978ರಲ್ಲೇ ಏಷ್ಯಾದ ಒಕ್ಕೂಟವೂ ಹುಟ್ಟಿತು. 2005ರಲ್ಲಿ ಹ್ಯುಂಡೈ ಮನೆತನದ ಚುಂಗ್ ಯುಯಿ-ಸುನ್ ಕೊರಿಯಾ ಆರ್ಚರಿ ಸಂಸ್ಥೆಯ ಜೊತೆಗೆ ಏಷ್ಯಾದ ಗಾದಿಯನ್ನೂ ಏರಿದರು. ಕೊರಿಯಾ ಸಂಸ್ಥೆಯನ್ನು ಅವರಿಗಿಂತ ಮೊದಲೇ, 1985ರಿಂದ, ಅಪ್ಪ ಚುಂಗ್ ಮೊಂಗ್-ಕೂ ನಡೆಸಿದ್ದರು. ನಮ್ಮಲ್ಲಿ ಎಂಟು ಮಠಗಳಿಗೆ ಎರಡೆರಡು ವರ್ಷದ ಸರದಿ. ಅಲ್ಲಿ ಇಪ್ಪತ್ತು ವರ್ಷ ಒಬ್ಬರದ್ದೇ ಪರ್ಯಾಯ!

ದುಡ್ಡಿದ್ದವರ ದರ್ಬಾರು ಅಂತ ನಾನೂ ಅಂದುಕೊಳ್ಳುತ್ತಿದ್ದೆನೇನೋ, ಅವರ ತಂಡದ ಆಯ್ಕೆಯ ಕ್ರಮ ನೋಡದಿದ್ದರೆ. ಅಲ್ಲಿ ಹಳೆಯ ಪದಕಕ್ಕೆ ರಿಯಾಯಿತಿಯೇ ಇಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಆನ್ ಸಾನ್‌ಗೆ ಪ್ಯಾರಿಸ್ ತಂಡದಲ್ಲಿ ಜಾಗ ಸಿಗಲಿಲ್ಲ. ಸುತ್ತಿನ ಮೇಲೆ ಸುತ್ತು ಬಾಣ ಬಿಟ್ಟು, ಹೆಚ್ಚು ಅಂಕ ಗಳಿಸಿದವರೇ ತಂಡದಲ್ಲಿ ಹೊರಡುವುದು. ತಂಡಕ್ಕೆ ಸೇರುವುದು ಒಲಿಂಪಿಕ್ಸ್ ಗೆಲ್ಲುವುದಕ್ಕಿಂತ ಕಷ್ಟ ಎಂದು ಅಲ್ಲಿನವರು ಹೇಳುವುದು ಬರೀ ಜಂಬವಲ್ಲ. ಮಹಿಳಾ ತಂಡ 1988ರಿಂದ 2024ರವರೆಗೆ ಸತತ ಹತ್ತು ಒಲಿಂಪಿಕ್ ಚಿನ್ನ ತಂದಿದೆ. ಪ್ಯಾರಿಸ್‌ನಲ್ಲಂತೂ ಐದಕ್ಕೆ ಐದೂ ಕೊರಿಯಾಕ್ಕೆ.

ಮತಪೆಟ್ಟಿಗೆಯೊಳಗೆ ಆ ಚಿನ್ನಕ್ಕೆ ತೂಕವಿಲ್ಲ. 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಕಾಜಿ ರಾಜಿಬುದ್ದೀನ್ ಅಹ್ಮದ್ ಚಪಲ್ ಕೊರಿಯಾದ ಅಭ್ಯರ್ಥಿಯನ್ನು ಸೋಲಿಸಿ ಏಷ್ಯಾ ಒಕ್ಕೂಟದ ಅಧ್ಯಕ್ಷರಾದರು. ಬಾಂಗ್ಲಾ ಸಂಸ್ಥೆಯನ್ನು ವರ್ಷಗಟ್ಟಲೆ ಕಟ್ಟಿದವರು. ಪದಕ ಗೆಲ್ಲುವ ದೇಶ ನಾಲ್ಕಾರು, ಬಿಲ್ಲು-ಬಾಣ, ತರಬೇತುದಾರ, ಮೈದಾನ ಬೇಕೆನ್ನುವ ದೇಶಗಳೇ ಜಾಸ್ತಿ. ಅವರಿಗೆ ತಮ್ಮಂಥವನೊಬ್ಬ ಬೇಕೆನಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಗೆಳೆಯ ಅಷ್ಟಕ್ಕೆ ಬಿಡಲಿಲ್ಲ, "ನಮ್ಮವರು ಯಾಕೆ ನಿಲ್ಲಲಿಲ್ಲ?" ಎಂದ. ನಮ್ಮವರ ಕತೆ ಗೊತ್ತಲ್ಲ! 2019ರಲ್ಲಿ ಭಾರತದ ಆರ್ಚರಿ ಸಂಸ್ಥೆಯಲ್ಲಿ ಎರಡು ಬಣ, ಎರಡು ಚುನಾವಣೆ. ವಿಶ್ವ ಆರ್ಚರಿ ಸಂಸ್ಥೆ ಭಾರತವನ್ನೇ ಅಮಾನತು ಮಾಡಿತು. ದೀಪಿಕಾ ಕುಮಾರಿ ಬ್ಯಾಂಕಾಕ್‌ನಲ್ಲಿ ತ್ರಿವರ್ಣವಿಲ್ಲದೆ ಒಲಿಂಪಿಕ್ ಅರ್ಹತೆ ಗಿಟ್ಟಿಸಬೇಕಾಯಿತು. ಅದೇ ಡಿಸೆಂಬರ್‌ನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ನಾವಿಲ್ಲದ ಮೈದಾನದಲ್ಲಿ ಬಾಂಗ್ಲಾದೇಶ ಹತ್ತೂ ಚಿನ್ನ ಬಾಚಿತು. ನಾವು ಕಚ್ಚಾಡುವಾಗ ಅವರು ಕೆಲಸ ಮಾಡಿದರು ಎನ್ನುವುದು ನನ್ನ ಲೆಕ್ಕ.

ಬಿಲ್ಲು ಹಿಡಿದವರು ಮಾತ್ರ ನಿರಾಸೆ ಮಾಡಿಲ್ಲ. ಚಪಲ್ ಗೆದ್ದ ಅದೇ ಢಾಕಾದಲ್ಲಿ, ಏಷ್ಯನ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಅಂಕಿತಾ ಭಕತ್ ಪ್ಯಾರಿಸ್‌ನ ಬೆಳ್ಳಿ ವಿಜೇತೆ, ಕೊರಿಯಾದ ನಾಮ್ ಸು-ಹ್ಯೊನ್‌ರನ್ನು ಮಣಿಸಿದರು. ರಾಟೆ ಜೋಡಿಸಿದ ಕಾಂಪೌಂಡ್ ಬಿಲ್ಲಿನಲ್ಲಂತೂ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಐದೂ ಚಿನ್ನ ನಮ್ಮವೇ. 2026ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಐಚಿ-ನಗೋಯಾದಲ್ಲಿ ಮತ್ತೆ ಏಷ್ಯನ್ ಗೇಮ್ಸ್. ಉಲ್ಸಾನ್‌ನಿಂದ ಸಮುದ್ರ ದಾಟಿದರೆ ಜಪಾನ್. ಆಫೀಸಿನವರು ಜೊತೆಗೆ ಬಾ ಎಂದಿದ್ದಾರೆ. ಹೋದರೆ ಕೂರುವುದು ಅವರ ಪಕ್ಕದಲ್ಲೇ, ಬೊಬ್ಬೆ ಹಾಕುವುದು ಮಾತ್ರ ನಮ್ಮವರಿಗೆ.