ತಣ್ಣಗೇ ಉಳಿದ ನಾಲ್ಕನೆಯ ರೇಡಿಯೇಟರು: ಜಾಯಿಕಾಯಿ ಒಣಗಿಸುವ ಕೋಣೆಯ ದಿನಚರಿ

ಜೂನ್ 9, 2024

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ನಮ್ಮ ಅಡಿಕೆ ತೋಟದ ನಡುವೆ ಇರುವ ಜಾಯಿಕಾಯಿ ಮರಗಳ ಫಸಲು ಹೆಚ್ಚಾಗಿ ಉದುರುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಅಂದರೆ ಚಾವಡಿಯಲ್ಲಿ ಹರಡಿದ ಒಂದು ಬೈರಾಸೂ ಒಣಗದ ಕಾಲದಲ್ಲಿ. ಒಲೆಯ ಮೇಲಿನ ಅಟ್ಟದಲ್ಲಿ ಹಾಕಿದರೆ ಹೊಗೆ ಹಿಡಿದು ಜಾಯಿಪತ್ರೆಯ ಬಣ್ಣ ಕೆಡುತ್ತದೆ. ಬೆಂಕಿಯ ಶಾಖವನ್ನು ನೇರವಾಗಿ ಕೊಟ್ಟರೆ 45 ಡಿಗ್ರಿ ದಾಟಿದೊಡನೆ ಬೀಜದ ಕೊಬ್ಬು ಕರಗತೊಡಗುತ್ತದೆ. ಆದ್ದರಿಂದ ಚಳಿ ದೇಶಗಳಲ್ಲಿ ಮನೆಯನ್ನು ಬೆಚ್ಚಗಿಡುವ ಕ್ರಮವನ್ನೇ ಆರಡಿ ಉದ್ದ, ನಾಲ್ಕಡಿ ಅಗಲದ ಒಂದು ಕೋಣೆಗೆ ಅಳವಡಿಸಿದ್ದೇನೆ. ಬಚ್ಚಲಿನ ಒಲೆಯಲ್ಲಿ ಹಂಡೆಯ ಬದಲು ಕಬ್ಬಿಣದ ಮುಚ್ಚಿದ ಡ್ರಮ್ಮು ಕೂತಿದೆ. ಉರಿಸಲು ಗೆರಟೆ ಮತ್ತು ಅಡಿಕೆ ಸಿಪ್ಪೆ ಇವೆ. ಕಾದ ನೀರನ್ನು ಒಂದು ಸಣ್ಣ ಪಂಪು ಅರ್ಧ ಇಂಚಿನ ಸಿಪಿವಿಸಿ ಪೈಪಿನಲ್ಲಿ ನಾಲ್ಕು ರೇಡಿಯೇಟರುಗಳಿಗೆ (ಒಳಗೆ ಬಿಸಿನೀರು ಹರಿದು ಕೋಣೆಗೆ ಶಾಖ ಬಿಡುವ ಪೈಪಿನ ಚೌಕಟ್ಟುಗಳಿಗೆ) ಸುತ್ತಿಸಿ ಮತ್ತೆ ಡ್ರಮ್ಮಿಗೆ ತರುತ್ತದೆ. (ಸಾಮಾನ್ಯ ಪಿವಿಸಿ ಪೈಪು ಈ ಬಿಸಿಗೆ ಮೆದುವಾಗಿ ಜೋತುಬೀಳುತ್ತದೆ.) ರೇಡಿಯೇಟರುಗಳನ್ನು ಮುಳ್ಳೇರಿಯದ ಒಬ್ಬ ವೆಲ್ಡರ್ ಎಂಎಸ್ (ಮೆದು ಉಕ್ಕಿನ) ಪೈಪಿನಿಂದ ಮಾಡಿಕೊಟ್ಟರು: ಮೇಲೊಂದು, ಕೆಳಗೊಂದು ಅಡ್ಡ ಪೈಪು, ನಡುವೆ ಹನ್ನೆರಡು ನೆಟ್ಟಗಿನ ಪೈಪುಗಳು. ನೀರು ಒಂದು ಕೊನೆಯಲ್ಲಿ ಮೇಲಿನಿಂದ ಹೊಕ್ಕು ಇನ್ನೊಂದು ಕೊನೆಯಲ್ಲಿ ಕೆಳಗಿನಿಂದ ಹೊರಬರುತ್ತದೆ. ನೀರು ಹಿಗ್ಗಿದಾಗ ಏರಿಹೋಗಲೆಂದು ಅಟ್ಟದಲ್ಲಿ ತೆರೆದ ಬಾಯಿಯ ಚಿಕ್ಕ ಟ್ಯಾಂಕು ಇದೆ. ಅದರ ನೀರಿನ ಮಟ್ಟ ರೇಡಿಯೇಟರುಗಳ ತಲೆಗಿಂತ ನಾಲ್ಕಡಿಯಷ್ಟೇ ಎತ್ತರ.

ಇಂದು ಮೊದಲ ಬಾರಿಗೆ ಪೂರ್ತಿ ಉರಿ ಹಾಕಲಾಯಿತು. ಒಂದು ಮತ್ತು ಎರಡನೆಯ ರೇಡಿಯೇಟರುಗಳು ಕೈಯಿಡಲಾಗದಷ್ಟು ಬಿಸಿಯಾದವು, ಮೂರನೆಯದು ಅರೆಬರೆ ಕಾಯಿತು, ನಾಲ್ಕನೆಯದು ಬಾವಿಕಟ್ಟೆಯಷ್ಟು ತಣ್ಣಗಿತ್ತು.

ಜೂನ್ 10

ರೇಡಿಯೇಟರಿನ ಯಾವ ಭಾಗ ತಣ್ಣಗಿದೆ ಎಂಬುದರಿಂದಲೇ ಕಾಯಿಲೆಯನ್ನು ಬಹುಮಟ್ಟಿಗೆ ಊಹಿಸಬಹುದು. ಕೆಳಗೆ ಬಿಸಿಯಿದ್ದು ತಲೆ ತಣ್ಣಗಿದ್ದರೆ ಮೇಲೆ ಗಾಳಿ ಕಟ್ಟಿದೆ. ತಲೆ ಬಿಸಿಯಿದ್ದು ಬುಡ ತಣ್ಣಗಿದ್ದರೆ ಕೆಸರು ಕೂತಿದೆ. ಉಳಿದವು ಕಾಯುವಾಗ ಒಂದು ಮಾತ್ರ ಇಡೀ ತಣ್ಣಗಿದ್ದರೆ ಅದಕ್ಕೆ ನೀರೇ ಹೋಗುತ್ತಿಲ್ಲ. ನಾಲ್ಕನೆಯದರ ತಲೆಯಲ್ಲಿ ಗಾಳಿ ಬಿಡಲೆಂದು ಇಟ್ಟ ಸಣ್ಣ ನಲ್ಲಿಯನ್ನು, ಅಂದರೆ ಕಾಕನ್ನು, ಪಂಪು ನಿಲ್ಲಿಸಿ ತಿರುಗಿಸಿದೆ. ಅರ್ಧ ನಿಮಿಷ ಬುಸುಗುಟ್ಟಿ, ಆಮೇಲೆ ನೀರು ಬಂತು. ಮತ್ತೆ ಪಂಪು ಹಾಕಿದಾಗ ಹತ್ತು ನಿಮಿಷಗಳಲ್ಲಿ ಕಾಯಿತು. ಸಂತೋಷಪಟ್ಟು ಎರಡು ಕುಕ್ಕೆ ಜಾಯಿಕಾಯಿ ಹರಡಿದೆವು.

ಜೂನ್ 12

ಮರುದಿನ ಬೆಳಗ್ಗೆ ಮತ್ತೆ ತಣ್ಣಗಿತ್ತು. ಗಾಳಿ ಬಿಟ್ಟೆ, ಸಂಜೆಗೆ ಪುನಃ ಅದೇ ಕತೆ. ಹೊಸದಾಗಿ ತುಂಬಿಸಿದ ನೀರಿನಲ್ಲಿ ಕರಗಿರುವ ಗಾಳಿಯು ಕಾಯಿಸಿದಾಗ ಹೊರಬರುವುದು ಸಹಜ, ಆದರೆ ಅದು ಎರಡು ಮೂರು ಬಾರಿಗೆ ಮುಗಿಯಬೇಕು. ಇಲ್ಲಿ ಮುಗಿಯುತ್ತಿಲ್ಲವೆಂದರೆ ಎಲ್ಲಿಂದಲೋ ಗಾಳಿ ಒಳಗೆ ಬರುತ್ತಿರಬೇಕು. ಆದರೆ ಒಂದು ಜಾಯಿಂಟಿನಲ್ಲೂ ನೀರು ಜಿನುಗುತ್ತಿಲ್ಲ.

ಭಾವ ಬಂದು ನೋಡಿ, "ಪಂಪಿಗೆ ತಾಕತ್ತು ಸಾಲದು ಭಾವಾ, ಕಡೆಯವರೆಗೆ ಎತ್ತುತ್ತಿಲ್ಲ, ದೊಡ್ಡದು ಹಾಕು" ಎಂದರು. ನನಗೂ ಹಾಗೆಯೇ ತೋರಿತ್ತು. ಮಂಗಳೂರಿಗೆ ಹೋಗಿ ದೊಡ್ಡ ಪಂಪು ತರುವ ಮೊದಲು, ಇರುವ ಪಂಪಿನ ಮೂರು ವೇಗಗಳಲ್ಲಿ ವ್ಯತ್ಯಾಸವೇನೆಂದು ನೋಡೋಣವೆಂದು ಗಾಳಿ ಬಿಟ್ಟು ಒಂದನೆಯ ವೇಗಕ್ಕೆ ಇಳಿಸಿದೆ. ನಿಧಾನವಾದ ಪಂಪಿನಲ್ಲಿ ನಾಲ್ಕನೆಯ ರೇಡಿಯೇಟರು ರಾತ್ರಿಯಿಡೀ ಬಿಸಿಯಾಗಿ ಉಳಿಯಿತು! ಮೂರನೆಯ ವೇಗಕ್ಕೆ ಏರಿಸಿದರೆ ಎರಡು ಗಂಟೆಗಳಲ್ಲಿ ತಣ್ಣಗಾಯಿತು.

ಜೂನ್ 16

ಗುಟ್ಟು ಕಾಕಿನಲ್ಲೇ ಸಿಕ್ಕಿತು. ಇಷ್ಟು ದಿನ ಪಂಪು ನಿಲ್ಲಿಸಿಯೇ ಗಾಳಿ ಬಿಡುತ್ತಿದ್ದೆ. ಇಂದು ಪಂಪು ಮೂರನೆಯ ವೇಗದಲ್ಲಿ ಓಡುತ್ತಿರುವಾಗ ಕಾಕು ತೆರೆದು ಬೆರಳಿಟ್ಟರೆ, ನೀರಿನ ಒತ್ತಡವಿರಬೇಕಾದಲ್ಲಿ ಬೆರಳನ್ನೇ ಒಳಕ್ಕೆ ಎಳೆದಂತಾಯಿತು. ರೇಡಿಯೇಟರು ಹೊರಗಿನ ಗಾಳಿಯನ್ನು ಕುಡಿಯುತ್ತಿತ್ತು.

ತಪ್ಪು ನನ್ನದೇ ಜೋಡಣೆಯದು. ತೆರೆದ ಟ್ಯಾಂಕಿನ ಪೈಪು ವ್ಯವಸ್ಥೆಯನ್ನು ಸೇರುವ ಜಾಗದಲ್ಲಿ ಒತ್ತಡವನ್ನು ನಿರ್ಧರಿಸುವುದು ಟ್ಯಾಂಕಿನ ಎತ್ತರ ಮಾತ್ರ; ಪಂಪು ಓಡಲಿ ನಿಲ್ಲಲಿ, ಅಲ್ಲಿ ಅದು ಬದಲಾಗುವುದಿಲ್ಲ. ಅಲ್ಲಿಂದ ಮುಂದೆ ಪಂಪು ತಳ್ಳುವ ಕಡೆಯಲ್ಲಿ ಒತ್ತಡ ಅದಕ್ಕಿಂತ ಹೆಚ್ಚು, ಎಳೆಯುವ ಕಡೆಯಲ್ಲಿ ಕಡಿಮೆ. ಹಿಂತಿರುಗುವ ನೀರು ಅಷ್ಟು ಬಿಸಿಯಿರದೆ ಪಂಪು ಬಾಳಿಕೆ ಬರುತ್ತದೆಂದು ಎಣಿಸಿ ನಾನು ಪಂಪನ್ನು ಡ್ರಮ್ಮಿನ ಹಿಂಬದಿಯಲ್ಲಿ, ನೀರು ಮರಳಿ ಬರುವ ದಾರಿಯಲ್ಲಿ ಕೂರಿಸಿದ್ದೆ. ಟ್ಯಾಂಕಿನ ಪೈಪನ್ನು ಡ್ರಮ್ಮಿಗೇ ಜೋಡಿಸಿದ್ದೆ. ಹೀಗಾಗಿ ನಾಲ್ಕೂ ರೇಡಿಯೇಟರುಗಳು ಪಂಪು ಎಳೆಯುವ ಬದಿಗೆ ಬಿದ್ದವು. ಅರ್ಧ ಇಂಚಿನ ಉದ್ದನೆಯ ಪೈಪಿನಲ್ಲಿ ಕಡೆಯ ರೇಡಿಯೇಟರನ್ನು ತಲುಪುವಷ್ಟರಲ್ಲಿ ನಷ್ಟವಾಗುವ ಒತ್ತಡ ನಾಲ್ಕಡಿ ನೀರಿನ ಭಾರವನ್ನು ಮೀರಿತು. ಒಳಗೆ ಹೊರಗಿಗಿಂತ ಕಡಿಮೆ ಒತ್ತಡವಾಗಿ, ನೀರು ಹೊರಬಿಡದಷ್ಟು ಬಿಗಿಯಾದ ರೇಡಿಯೇಟರುಗಳ ವಾಲ್ವಿನ ಗ್ಲ್ಯಾಂಡುಗಳು (ತಿರುಗಿಸುವ ಕಡ್ಡಿಯ ಸುತ್ತ ಸೋರದಂತೆ ಬಿಗಿಯುವ ಭಾಗಗಳು) ಗಾಳಿಯನ್ನು ಮಾತ್ರ ಒಳಬಿಟ್ಟವು. ದೊಡ್ಡ ಪಂಪು ಹಾಕಿದ್ದರೆ ಈ ಎಳೆತ ಇನ್ನೂ ಹೆಚ್ಚುತ್ತಿತ್ತು.

ಜೂನ್ 23

ಟ್ಯಾಂಕಿನ ಪೈಪನ್ನಷ್ಟೇ ಪಂಪಿನ ಎಳೆಯುವ ಬಾಯಿಗೆ ಬದಲಿಸುವುದು ಸುಲಭವಾಗಿತ್ತು. ಆದರೆ ಡ್ರಮ್ಮಿನ ತಲೆಯಿಂದ ಮೇಲಕ್ಕೆ ಹೋಗುವ, ಹಬೆ ಹೊರಬೀಳಲೆಂದಿಟ್ಟ ವೆಂಟ್ ಪೈಪು ಆಗ ತಳ್ಳುವ ಬದಿಯಲ್ಲಿ ಉಳಿದು, ಪಂಪು ಓಡಿದಾಗಲೆಲ್ಲ ಬಿಸಿನೀರನ್ನು ಟ್ಯಾಂಕಿಗೆ ಸುರಿಯುತ್ತಿತ್ತು. ಆದ್ದರಿಂದ ಪಂಪನ್ನೇ ಕಿತ್ತೆ. ಈಗಿನ ಕ್ರಮ ಹೀಗಿದೆ: ಡ್ರಮ್ಮು, ಅದರಿಂದ ಹೊರಟ ಪೈಪಿನಲ್ಲಿ ಮೊದಲು ವೆಂಟು, ಅದರ ಮಗ್ಗುಲಲ್ಲೇ ಗೇಣಿನೊಳಗೆ ಟ್ಯಾಂಕಿನ ಪೈಪು, ಬಳಿಕ ಪಂಪು, ನಂತರ ರೇಡಿಯೇಟರುಗಳು. ಬಿಸಿನೀರಿಗೆಂದೇ ಮಾಡಿದ ಪಂಪಿಗೆ ಈ ಶಾಖ ಏನೂ ಅಲ್ಲ. ನನ್ನ ಮುಂಜಾಗ್ರತೆಯೇ ಅನವಶ್ಯಕವಾಗಿತ್ತು.

ವೆಂಟಿನ ದಾರಿಯಲ್ಲಿ ಯಾವ ವಾಲ್ವನ್ನೂ ಇಟ್ಟಿಲ್ಲ, ಇಡಲೂಬಾರದು. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತಿಲ್ಲ. ಪಂಪು ನಿಂತರೂ ಒಲೆಯ ಗೆರಟೆ ಉರಿಯುತ್ತಲೇ ಇರುತ್ತದೆ, ಕುದಿಯುವ ನೀರಿಗೆ ಮತ್ತು ಹಬೆಗೆ ಹೋಗಲು ಅದೊಂದೇ ದಾರಿ.

ಪಂಪು ಓಡುವಾಗಲೇ ನಾಲ್ಕನೆಯದರ ಕಾಕು ತೆರೆದೆ: ನೀರು ಚಿಮ್ಮಿತು.

ಜುಲೈ 7

ಎರಡು ವಾರಗಳಿಂದ ಗಾಳಿಯ ಕಾಟವಿಲ್ಲ. ಉಳಿದದ್ದು ಮೂರನೆಯ ರೇಡಿಯೇಟರು. ನೀರು ಹೊಗುವ ಬದಿಯ ಐದು ಪೈಪುಗಳು ಮೇಲ್ಗಡೆ ಬಿಸಿ, ಕೆಳಗಡೆ ತಣ್ಣಗೆ. ನೀರು ಹೊರಡುವ ಬದಿಯ ಏಳು ಪೈಪುಗಳು ಉದ್ದಕ್ಕೂ ಬಿಸಿ. ಕೆಳಗಿನ ಅಡ್ಡ ಪೈಪಿನ ನಡುವೆ ಏನೋ ತುಂಬಿಕೊಂಡು, ಆ ಐದರಿಂದ ನೀರು ಮುಂದೆ ಸಾಗದಂತೆ ತಡೆದಿದೆಯೆಂದು ಇದರರ್ಥ. ಪೈಪಿನ ಯೂನಿಯನ್ (ಬಿಚ್ಚಬಹುದಾದ ಜೋಡಣೆ) ಬಿಚ್ಚಿ, ಇಬ್ಬರು ಹೊತ್ತು ಅಂಗಳಕ್ಕೆ ತಂದು, ಬಾವಿಯ ಪಂಪಿನ ನೀರನ್ನು ಹೊರಡುವ ಬಾಯಿಯಿಂದ ಹಿಮ್ಮುಖವಾಗಿ ಬಿಟ್ಟೆವು. ಮೊದಲು ಬಂದದ್ದು ವೆಲ್ಡಿಂಗಿನ ಕಿಟ್ಟ, ಆಮೇಲೆ ಮಸಿಯಂತಹ ಕಪ್ಪು ಕೆಸರು. ಹಾಳಾದ ಸ್ಪೀಕರಿನ ಅಯಸ್ಕಾಂತ ಹಿಡಿದರೆ ಕೆಸರು ಅದಕ್ಕೆ ಮುಳ್ಳುಮುಳ್ಳಾಗಿ ಅಂಟಿಕೊಂಡಿತು: ಕಬ್ಬಿಣದ ಕಪ್ಪು ಆಕ್ಸೈಡು. ಮೊದಲ ಹದಿನೈದು ದಿನ ಒಳಸೇರಿದ ಗಾಳಿಯೇ ಅಷ್ಟು ಕಬ್ಬಿಣವನ್ನು ತಿಂದಿರಬೇಕು. ಜೊತೆಗೆ ನಮ್ಮ ಮುರಕಲ್ಲಿನ ಬಾವಿಯ ನೀರು ಸ್ವಲ್ಪ ಆಮ್ಲೀಯ, ಪಿಎಚ್ ಕಾಗದದಲ್ಲಿ 6 ತೋರಿಸಿತು. ಇನ್ನು ಮುಂದೆ ನೀರನ್ನು ಆಗಾಗ ಬದಲಿಸುವುದಿಲ್ಲ, ಏಕೆಂದರೆ ಹೊಸ ನೀರಿನೊಂದಿಗೆ ಹೊಸ ಆಮ್ಲಜನಕವೂ ಬರುತ್ತದೆ. ನಾಲ್ಕಕ್ಕೂ ಕೆಳಗಡೆ ಕೆಸರು ಬಿಡುವ ಪ್ಲಗ್ಗನ್ನು ಮೊದಲೇ ಇಡಿಸಬೇಕಿತ್ತು. ಸದ್ಯ ಮೂರನೆಯದಕ್ಕೆ ಮಾತ್ರ ಇಡಿಸಿದೆ.

ಜುಲೈ 14

ಇಂದು ವಾಲ್ವುಗಳನ್ನು ಹದ ಮಾಡುವ ಕೆಲಸ. ಹತ್ತಿರದ ರೇಡಿಯೇಟರಿಗೆ ದಾರಿ ಸುಲಭವಾದ್ದರಿಂದ ನೀರೆಲ್ಲ ಅಲ್ಲಿಯೇ ಹರಿದುಹೋಗುತ್ತದೆ. ಪಂಪನ್ನು ಒಂದನೆಯ ವೇಗದಲ್ಲಿಟ್ಟು, ಒಂದನೆಯದರ ವಾಲ್ವನ್ನು ಬಹುತೇಕ ಮುಚ್ಚಿ, ಎರಡನೆಯದನ್ನು ಅದಕ್ಕಿಂತ ಸ್ವಲ್ಪ ಹೆಚ್ಚು, ಮೂರನೆಯದನ್ನು ಇನ್ನೂ ಹೆಚ್ಚು ತೆರೆದು, ನಾಲ್ಕನೆಯದನ್ನು ಪೂರ್ತಿ ತೆರೆದುಬಿಟ್ಟೆ. ಒಂದೊಂದು ಬದಲಾವಣೆಯ ನಂತರ ಇಪ್ಪತ್ತು ನಿಮಿಷ ಕಾಯಬೇಕು. ಅವಸರಪಟ್ಟರೆ ಹಿಂದಿನ ಸ್ಥಿತಿಯನ್ನೇ ಅಳೆದಂತಾಗುತ್ತದೆ. ಸಂಜೆಗೆ ಹೋಗುವ ನೀರು 72 ಡಿಗ್ರಿ, ಮರಳುವ ನೀರು ಕ್ರಮವಾಗಿ 67, 66, 66, 64. ಕೋಣೆಯ ನಡುತಟ್ಟೆಯಲ್ಲಿ 43.

ಜುಲೈ 18

ನಾಲ್ಕು ದಿನ ಕಳೆದು ತೆಗೆದ ಜಾಯಿಪತ್ರೆಗೆ ಹೊಗೆಯ ವಾಸನೆಯಿಲ್ಲ. ದಪ್ಪ ಜಾಯಿಕಾಯಿಗಳು ಮಾತ್ರ ಅಲುಗಿಸಿದರೆ ಇನ್ನೂ ಸದ್ದು ಮಾಡುತ್ತಿಲ್ಲ. ಒಳಗಿನ ಬೀಜ ಚಿಪ್ಪಿನಿಂದ ಬಿಡಿಸಿಕೊಂಡು ಗಡಗಡ ಎನ್ನುವವರೆಗೆ ಅವು ಕೆಳತಟ್ಟೆಯಲ್ಲಿ, ನಾಲ್ಕನೆಯ ರೇಡಿಯೇಟರಿನ ಪಕ್ಕದಲ್ಲಿಯೇ ಇರಲಿವೆ.