ಪುಟ್ಟಿಯ ಕೆಂಪು ಚೀಲದ ಲೆಕ್ಕ

ಜನವರಿ 22

ಸಂಕ್ರಾಂತಿ ದಿನ ಪಕ್ಕದ ಮನೆಯವರು ಕೊಟ್ಟ ಎಳ್ಳುಬೆಲ್ಲದಲ್ಲಿ ಪುಟ್ಟಿ ತಿಂದಿದ್ದು ಒಂದು ಚಮಚ ಇರಬಹುದು. ಹತ್ತು ನಿಮಿಷದಲ್ಲಿ ಮೈಯೆಲ್ಲ ದದ್ದು ಎದ್ದಿತು. ಆಮೇಲೆ ವಾಂತಿ, ಕೆಮ್ಮು, ಆಮೇಲೆ ನನ್ನ ಹೆಗಲ ಮೇಲೆ ಬಾಡಿದ ಸೊಪ್ಪಿನ ಹಾಗೆ ಒರಗಿಬಿಟ್ಟಳು. ಮನೆಯಲ್ಲಿ ಸಿಟ್ರಿಜಿನ್ ಸಿರಪ್ ಇತ್ತು, ಅದನ್ನೇ ಕೊಟ್ಟು ಕಾದೆ. ಕಾಯಬಾರದಿತ್ತು. ಆ ಸಿರಪ್ ತುರಿಕೆ ಇಳಿಸುತ್ತೆ ಅಷ್ಟೇ. ಉಸಿರು ಕಟ್ಟುವುದನ್ನಾಗಲೀ ಬಿಪಿ ಬೀಳುವುದನ್ನಾಗಲೀ ಅದು ತಡೆಯಲ್ಲ. ಆಸ್ಪತ್ರೆಗೆ ಹೋದ ಕೂಡಲೇ ತೊಡೆಗೆ ಅಡ್ರಿನಲಿನ್ ಚುಚ್ಚಿದರು. ಕೆಲವೇ ನಿಮಿಷದಲ್ಲಿ ಮುಖಕ್ಕೆ ಬಣ್ಣ ಬಂತು. ಆದರೂ ರಾತ್ರಿಯಿಡೀ ಅಲ್ಲೇ ಇಟ್ಟುಕೊಂಡರು. ಕೆಲವು ಮಕ್ಕಳಿಗೆ ಒಂದು ಸಲ ಇಳಿದದ್ದು ಕೆಲವು ಗಂಟೆ ಬಿಟ್ಟು ಮತ್ತೆ ಏರುತ್ತಂತೆ.

ಪರೀಕ್ಷೆ ಮಾಡಿಸಿದಾಗ ಎಳ್ಳಿಂದ ತೊಂದರೆ ಇಲ್ಲ, ಕಡಲೆಕಾಯಿ ಬೀಜ ಆಗಲ್ಲ ಅಂತ ಗೊತ್ತಾಯಿತು. ಅವಳಿಗೀಗ ನಾಲ್ಕು ವರ್ಷ, 14.2 ಕೆಜಿ ತೂಕ. ಇನ್ನು ಮೇಲೆ ಅಡ್ರಿನಲಿನ್ ಅವಳ ಜೊತೆಗೇ ಇರಬೇಕು ಅಂದರು ಡಾಕ್ಟರ್. ಹೇಗೆ ಇಟ್ಟುಕೊಳ್ಳೋದು, ಎಲ್ಲಿಂದ ತರೋದು, ಯಾವಾಗ ಬದಲಾಯಿಸೋದು, ಇದನ್ನೆಲ್ಲ ಇಲ್ಲಿ ಬರೆದಿಡುತ್ತಾ ಹೋಗುತ್ತೇನೆ. ನಮ್ಮ ಹಾಗೇ ಹುಡುಕಾಡುವ ಬೇರೆ ಅಪ್ಪ ಅಮ್ಮಂದಿರಿಗೂ ಸಿಗಲಿ.

ಫೆಬ್ರವರಿ 3

ಅಡ್ರಿನಲಿನ್ ತುಂಬಿದ ಪೆನ್ನಿನ ತರಹದ ಇಂಜೆಕ್ಷನ್, ಎಪಿಪೆನ್ ಅಂತ ಕರೆಯುತ್ತಾರಲ್ಲ, ಅದನ್ನು ನಮ್ಮ ಏರಿಯಾದ ಆರು ಮೆಡಿಕಲ್ ಶಾಪಿನಲ್ಲಿ ಕೇಳಿದೆ. ಯಾರ ಹತ್ತಿರವೂ ಇಲ್ಲ. ಆಂಪ್ಯೂಲ್ ಮಾತ್ರ ಇದೆ. ಕಂದು ಗಾಜಿನ ಪುಟ್ಟ ಸೀಸೆ, 1 ಎಂಎಲ್‌ನಲ್ಲಿ 1 ಮಿಲಿಗ್ರಾಂ ಮದ್ದು. ದುಡ್ಡೇನೂ ಜಾಸ್ತಿ ಅಲ್ಲ. ಕತ್ತು ಮುರಿದು, ಸಿರಿಂಜಿಗೆ ಎಳೆದು, ಗಾಳಿ ಗುಳ್ಳೆ ತೆಗೆದು, ಸರಿಯಾದ ಗೆರೆಗೆ ತಂದು ಆಮೇಲೆ ಚುಚ್ಚಬೇಕು. ಕೆಜಿಗೆ 0.01 ಎಂಎಲ್ ಲೆಕ್ಕ, ಅಂದರೆ ಪುಟ್ಟಿಗೆ 0.14 ಎಂಎಲ್. ಒಂದು ಹನಿ ಎರಡು ಹನಿಯ ಮಾತು.

ಒಂದು ಅಂಗಡಿಯಲ್ಲಿ ಇನ್ಸುಲಿನ್ ಸಿರಿಂಜ್ ಕೊಟ್ಟು "ಇದೂ ಒಂದೇ ಮೇಡಂ" ಅಂದರು. ಒಂದೇ ಅಲ್ಲ. ಅದರಲ್ಲಿ ಯೂನಿಟ್ ಗೆರೆ ಇರುತ್ತೆ, ಎಂಎಲ್ ಲೆಕ್ಕಕ್ಕೆ ತಾಳೆ ಹಾಕಲು ಹೋದರೆ ತಪ್ಪುತ್ತೆ. ಅದೂ ಅಲ್ಲದೆ ನಮ್ಮಲ್ಲಿ 40 ಯೂನಿಟ್ಟಿನದು, 100 ಯೂನಿಟ್ಟಿನದು ಎರಡೂ ಸಿಗುತ್ತೆ. ಸೂಜಿಯೂ ಚಿಕ್ಕದು, ತೊಡೆಯ ಸ್ನಾಯುವಿನವರೆಗೆ ಹೋಗಲ್ಲ. ಬೇಕಾದ್ದು 0.01 ಗೆರೆ ಇರುವ 1 ಎಂಎಲ್ ಸಿರಿಂಜ್, ಅದಕ್ಕೆ ಡಾಕ್ಟರ್ ಬರೆದುಕೊಟ್ಟ ಅಳತೆಯ ಸೂಜಿ. ಆಂಪ್ಯೂಲ್ ತೆಗೆದುಕೊಳ್ಳುವಾಗ ಹೆಸರನ್ನು ಅಕ್ಷರ ಅಕ್ಷರ ಓದಿ. ನಾರ್ ಅಡ್ರಿನಲಿನ್ ಅಂತ ಬೇರೆಯೇ ಮದ್ದಿದೆ, ಅದಲ್ಲ.

ಫೆಬ್ರವರಿ 12

ನೀರಿನ ಆಂಪ್ಯೂಲ್ ತಂದು ನಾನೂ ನಮ್ಮನೆಯವರೂ ಅಭ್ಯಾಸ ಮಾಡಿದೆವು. ಮೊದಲ ಸಲ ನನಗೆ 3 ನಿಮಿಷ 5 ಸೆಕೆಂಡು ಹಿಡಿಯಿತು. ಕೈ ನಡುಕ, ಗಾಜು ಚೂರಾಯಿತು, ಬೆರಳು ಕುಯ್ದುಕೊಂಡೆ. ಇಪ್ಪತ್ತು ಸಲ ಆದ ಮೇಲೆ 1 ನಿಮಿಷ 20ಕ್ಕೆ ಬಂತು. ಅದೂ ಮನೆ ಸದ್ದಿಲ್ಲದೆ ಇದ್ದಾಗ, ಪುಟ್ಟಿ ಮಲಗಿದ್ದಾಗ. 2001ರಲ್ಲಿ ಕೆನಡಾದಲ್ಲಿ ಇದನ್ನೇ ಅಳೆದು ನೋಡಿದ್ದಾರೆ. ಅಪ್ಪ ಅಮ್ಮಂದಿರಿಗೆ ಸರಾಸರಿ 142 ಸೆಕೆಂಡು ಬೇಕಾಯಿತು, ತುರ್ತು ಚಿಕಿತ್ಸಾ ವಿಭಾಗದ ನರ್ಸ್‌ಗಳಿಗೆ 29. ಅದಕ್ಕಿಂತ ಭಯದ ವಿಷಯ, ಅಪ್ಪ ಅಮ್ಮಂದಿರು ಎಳೆದ ಮದ್ದಿನ ಅಳತೆ ಒಬ್ಬರಿಂದ ಒಬ್ಬರಿಗೆ ತುಂಬಾ ಹೆಚ್ಚು ಕಡಿಮೆ ಆಗಿತ್ತು.

ಈ ಟೈಮಿಂಗ್ ಕಾಗದ ತೋರಿಸಿದ ಮೇಲೆ ಡಾಕ್ಟರ್ ತಮ್ಮ ಕ್ಲಿನಿಕ್ಕಿನಲ್ಲೇ ನರ್ಸ್ ಕೈಯಲ್ಲಿ ಎರಡು ಸಿರಿಂಜ್ ತುಂಬಿಸಿ ಕೊಟ್ಟರು. ಸರಿಯಾದ ಅಳತೆ, ಮುಚ್ಚಳ ಭದ್ರ, ಮೇಲೆ ತುಂಬಿದ ತಾರೀಖು. ಬೆಳಕು ತಾಗದ ಡಬ್ಬಿಯಲ್ಲಿಡಬೇಕು. ಆಂಪ್ಯೂಲಿನ ಮೇಲೆ ಎಷ್ಟೇ ವರ್ಷ ಇರಲಿ, ಸಿರಿಂಜಿಗೆ ಬಂದ ಮೇಲೆ ಮೂರು ತಿಂಗಳು ಅಷ್ಟೇ. ಕ್ಯಾಲೆಂಡರಿನಲ್ಲಿ ಮೇ, ಆಗಸ್ಟ್, ನವೆಂಬರ್ ಗುರುತು ಹಾಕಿದ್ದೇನೆ. ಇದನ್ನು ಮನೆಯಲ್ಲಿ ನೀವೇ ತುಂಬಿಟ್ಟುಕೊಳ್ಳಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಮಾರ್ಚ್ 6

ಪೆನ್ನು ಬಂತು! ನಾಲ್ಕು. ನನ್ನ ತಮ್ಮ ಟೊರಾಂಟೋದಲ್ಲಿದ್ದಾನೆ. ಅಮೆರಿಕದಲ್ಲಾದರೆ ಅಲ್ಲಿನ ಡಾಕ್ಟರ್ ಚೀಟಿ ಬೇಕು, ಕೆನಡಾದಲ್ಲಿ ಚೀಟಿ ಇಲ್ಲದೆಯೂ ಫಾರ್ಮಸಿಸ್ಟ್ ಕೊಡುತ್ತಾರೆ. 0.15 ಮಿಲಿಗ್ರಾಂನ ಎಪಿಪೆನ್ ಜೂನಿಯರ್. ಅದರ ಮೇಲೆ 15 ಕೆಜಿಯಿಂದ 30 ಕೆಜಿ ಅಂತ ಬರೆದಿದೆ. ಪುಟ್ಟಿ ಇನ್ನೂ 15 ಆಗಿಲ್ಲ, ಆದರೂ ಇದೇ ಸರಿ ಅಂತ ನಮ್ಮ ಡಾಕ್ಟರ್ ಮೊದಲೇ ಬರೆದುಕೊಟ್ಟಿದ್ದರು.

ತಮ್ಮನಿಗೆ ಮೂರು ಮಾತು ಹೇಳಿದ್ದೆ. ದುಡ್ಡು ಕೊಡುವ ಮೊದಲೇ ಎಕ್ಸ್‌ಪೈರಿ ನೋಡು. ಅವನು ನೋಡಿದ. ಮೊದಲು ಕೊಟ್ಟದ್ದಕ್ಕೆ ಏಳೇ ತಿಂಗಳಿತ್ತಂತೆ, ಬೇರೆ ಕೇಳಿದಾಗ ಒಳಗಿಂದ ತಂದುಕೊಟ್ಟರು. ಎರಡನೇದು, ಅಲ್ಲಿನ ಚಳಿಯಲ್ಲಿ ಕಾರಿನಲ್ಲಿ ಬಿಡಬೇಡ, ಹೆಪ್ಪುಗಟ್ಟಬಾರದು. ಮೂರನೇದು, ಕೈಚೀಲದಲ್ಲೇ ತಾ, ಜೊತೆಗೆ ಬಿಲ್ಲು ಮತ್ತು ನಮ್ಮ ಡಾಕ್ಟರ್ ಚೀಟಿ ಇರಲಿ.

ತರುವವರು ಯಾರೂ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಸ್ವಂತ ಬಳಕೆಗೆ ಹೊರದೇಶದಿಂದ ಮದ್ದು ತರಿಸಲು ಫಾರ್ಮ್ 12ಎ ತುಂಬಿ ಅರ್ಜಿ ಕೊಡಬೇಕು, ಅನುಮತಿ ಫಾರ್ಮ್ 12ಬಿಯಲ್ಲಿ ಬರುತ್ತೆ. ಡಾಕ್ಟರ್ ಚೀಟಿ ಇಲ್ಲದೆ ಆಗಲ್ಲ.

ಎರಡು ಪೆನ್ನು ಮುಂದಿನ ವರ್ಷ ಫೆಬ್ರವರಿಗೆ ಮುಗಿಯುತ್ತೆ, ಎರಡು ಮುಂದಿನ ವರ್ಷ ಏಪ್ರಿಲ್‌ಗೆ. ಫೆಬ್ರವರಿ ಜೋಡಿ ಪುಟ್ಟಿ ಹೋದಲ್ಲೆಲ್ಲ ಜೊತೆಗಿರುವ ಕೆಂಪು ಚೀಲಕ್ಕೆ, ಏಪ್ರಿಲ್ ಜೋಡಿ ಮನೆಯ ಡಬ್ಬಿಗೆ. ಯಾವಾಗಲೂ ಜೋಡಿಯಾಗೇ ಇರಬೇಕು. ಒಂದು ಚುಚ್ಚಿ ಐದು ನಿಮಿಷ ಆದರೂ ಇಳಿಯದಿದ್ದರೆ ಇನ್ನೊಂದು ಬೇಕಾಗುತ್ತೆ, ಒಂದು ಪೆನ್ನು ಒಂದೇ ಸಲ ಕೆಲಸ ಮಾಡೋದು.

ಏಪ್ರಿಲ್ 11

ಇವತ್ತು ಬರೆಯೋಕೆ ಹೊಟ್ಟೆಯಲ್ಲಿ ಸಂಕಟ. ಬೆಳಿಗ್ಗೆ ನಮ್ಮನೆಯವರು ಪುಟ್ಟಿಯನ್ನು ಪಾರ್ಕಿಗೆ ಕರೆದುಕೊಂಡು ಹೋಗಿದ್ದರು, ಕೆಂಪು ಚೀಲ ಸ್ಕೂಟರ್ ಡಿಕ್ಕಿಯಲ್ಲಿ. ಮಗುವನ್ನು ಮನೆಗೆ ಬಿಟ್ಟು ಹಾಗೇ ಆಫೀಸಿಗೆ ಹೋದರು. ಸ್ಕೂಟರ್ ನಾಲ್ಕು ಗಂಟೆ ಬಿಸಿಲಿನಲ್ಲಿ ನಿಂತಿತ್ತು. ಮಧ್ಯಾಹ್ನ ಚೀಲ ಹುಡುಕಿದರೆ ಇಲ್ಲ. ಮನೆಯಲ್ಲಿ ಇನ್ನೊಂದು ಜೋಡಿ ಇತ್ತು ನಿಜ. ಆದರೆ ಮಗು ಇದ್ದ ಕಡೆ ಚೀಲ ಇರಲಿಲ್ಲ, ಚೀಲ ಇದ್ದ ಕಡೆ ಮಗು ಇರಲಿಲ್ಲ.

ಪೆನ್ನಿನ ಕಿಟಕಿಯಲ್ಲಿ ನೋಡಿದೆವು, ಮದ್ದು ನೀರಿನ ಹಾಗೆ ತಿಳಿಯಾಗೇ ಇದೆ. ಡಾಕ್ಟರಿಗೆ ಫೋನ್ ಮಾಡಿದಾಗ ಅವರಂದದ್ದು ಇದು: ಕಂದು ಬಣ್ಣಕ್ಕೆ ತಿರುಗಿದರೆ, ಮಬ್ಬಾದರೆ ಅದು ಕೆಟ್ಟಿದೆ ಅಂತ ಲೆಕ್ಕ. ಆದರೆ ತಿಳಿಯಾಗಿದೆ ಅಂದಮಾತ್ರಕ್ಕೆ ಪೂರ್ತಿ ಶಕ್ತಿ ಉಳಿದಿದೆ ಅಂತಲ್ಲ. ಪೆನ್ನನ್ನು ಇಡಬೇಕಾದ್ದು 20ರಿಂದ 25 ಡಿಗ್ರಿಯಲ್ಲಿ. 15ರಿಂದ 30ರ ನಡುವೆ ಓಡಾಡಿದರೆ ಪರವಾಗಿಲ್ಲ. ಫ್ರಿಜ್ಜಿನಲ್ಲಿ ಇಡುವ ಹಾಗಿಲ್ಲ.

ಹಾಗಾಗಿ ಬಿಸಿಲು ತಿಂದ ಜೋಡಿ ಮನೆಯ ಕೊನೇ ಆಸರೆಗೆ ಹೋಯಿತು, ಅಲ್ಲಿ ಹೇಗೂ ತುಂಬಿದ ಸಿರಿಂಜ್ ಇವೆ. ಏಪ್ರಿಲ್ ಜೋಡಿ ಚೀಲಕ್ಕೆ ಬಂತು. ಜೂನ್‌ನಲ್ಲಿ ಬರುವ ತಮ್ಮನ ಗೆಳೆಯನಿಗೆ ಇನ್ನೆರಡು ಹೇಳಿದ್ದೇನೆ.

ಇವತ್ತಿಂದ ಒಂದು ಕಟ್ಟುನಿಟ್ಟು. ಪುಟ್ಟಿಯನ್ನು ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಒಪ್ಪಿಸುವಾಗ "ಚೀಲ ನಿಮ್ಮತ್ರ" ಅನ್ನಬೇಕು, ತೆಗೆದುಕೊಂಡವರು ಮುಟ್ಟಿ ನೋಡಿ "ನನ್ನತ್ರ" ಅನ್ನಬೇಕು. ಚೀಲ ಭುಜದ ಮೇಲಿರಬೇಕು. ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್, ಕಿಟಕಿ ಪಕ್ಕ, ಯಾವುದೂ ಇಲ್ಲ.

ಏಪ್ರಿಲ್ 28

ಮೇನಲ್ಲಿ ಕಲಬುರಗಿಗೆ ಹೋಗಲೇಬೇಕು, ಅತ್ತೆ ಮೊಮ್ಮಗಳನ್ನು ನೋಡಿ ವರ್ಷ ಆಯಿತು. ಅಲ್ಲಿ ಮೇ ಅಂದರೆ 40 ಡಿಗ್ರಿ ದಾಟುತ್ತೆ. ಸಣ್ಣ ಡಿಜಿಟಲ್ ಥರ್ಮಾಮೀಟರ್ ತಂದು ಎರಡು ವಾರ ಅಳೆದೆ. ಖಾಲಿ ಚೀಲವನ್ನು ಡಿಕ್ಕಿಯಲ್ಲಿಟ್ಟು ಮಧ್ಯಾಹ್ನ ನೋಡಿದರೆ 46. ಭುಜದ ಮೇಲೆ ನೆರಳಲ್ಲಿ ನಡೆದಾಗ 31. ಅಡುಗೆಮನೆ ಶೆಲ್ಫು 33, ಮಲಗುವ ಕೋಣೆಯ ಮರದ ಬೀರು 27. ಅಡುಗೆಮನೆಯಲ್ಲಿದ್ದ ಡಬ್ಬಿ ಅವತ್ತೇ ಬೀರುವಿಗೆ ಹೋಯಿತು.

ಐಸ್ ಪ್ಯಾಕ್ ಹಾಕಿದ ಟಿಫಿನ್ ಬ್ಯಾಗಿನಲ್ಲಿ ಮೊದಲ ಒಂದು ಗಂಟೆ 8 ಡಿಗ್ರಿ. ಬೇಡ. ಇನ್ಸುಲಿನ್ ಇಟ್ಟುಕೊಳ್ಳುವವರು ಬಳಸುವ ಜೆಲ್ ಚೀಲ ಇದೆಯಲ್ಲ, ನೀರಲ್ಲಿ ನೆನೆಸಿದರೆ ಜೆಲ್ ಉಬ್ಬಿ, ಆ ನೀರು ಆರುತ್ತಾ ಒಳಗೆ ತಂಪಾಗಿಸೋದು, ಅದನ್ನು ಹಾಕಿದಾಗ ಹೊರಗೆ 35 ಇದ್ದರೆ ಒಳಗೆ 25. ಮಣ್ಣಿನ ಮಡಕೆಯಲ್ಲಿ ನೀರು ತಂಪಾಗುವ ಲೆಕ್ಕವೇ ಇದು. ಒಣ ಹವೆಯಲ್ಲಿ ನೀರು ಬೇಗ ಆರುತ್ತೆ, ಹಾಗಾಗಿ ಕಲಬುರಗಿಗೆ ಇದು ಹೇಳಿ ಮಾಡಿಸಿದ್ದು. ಮಂಗಳೂರಿನ ಕಡೆಯ ಒದ್ದೆ ಸೆಕೆಯಲ್ಲಿ ಇಷ್ಟು ಕೆಲಸ ಮಾಡಲ್ಲ, ಅಲ್ಲಿಯವರು ನೆನಪಿಟ್ಟುಕೊಳ್ಳಿ. ಪೆನ್ನಿಗೆ ತೇವ ತಾಗದಂತೆ ಜಿಪ್ ಕವರ್ ಹಾಕಿದ್ದೇನೆ.

ಮೇ 9, ಕಲಬುರಗಿ

ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಬಂದೆವು. ರೈಲಿಗೆ ಆಂಬುಲೆನ್ಸ್ ಕರೆಯೋಕೆ ಆಗಲ್ಲ, ಮುಂದಿನ ಸ್ಟೇಷನ್ ಎಷ್ಟು ದೂರವೋ. ಅದಕ್ಕೇ ಎರಡು ಪೆನ್ನಿನ ಜೊತೆ, ಹೊರಡುವ ಹಿಂದಿನ ದಿನ ಹೊಸದಾಗಿ ತುಂಬಿಸಿಕೊಂಡ ಎರಡು ಸಿರಿಂಜೂ ತಂದೆ. ರೈಲ್ವೆಯ 139 ಫೋನಿನಲ್ಲಿ ಮೊದಲೇ ಸೇವ್ ಮಾಡಿದ್ದೆ. ಚೀಲ ನನ್ನ ದಿಂಬಿನ ಪಕ್ಕ.

ಅತ್ತೆ ಮನೆಯಲ್ಲಿ ಶೇಂಗಾ ಇಲ್ಲದ ಊಟವೇ ಇಲ್ಲ. ಶೇಂಗಾ ಹಿಂಡಿ, ಎಣ್ಣೆಗಾಯಿಗೆ ಶೇಂಗಾ ಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ. ನಾನು ಫೋನಿನಲ್ಲಿ ಹೇಳಿದ್ದಕ್ಕೆ ಅವರು ನಾವು ಬರುವ ಮೊದಲೇ ಹಿಂಡಿ ಡಬ್ಬಿಯನ್ನು ನಾದಿನಿ ಮನೆಗೆ ಕಳಿಸಿ, ಒರಳು ಮಿಕ್ಸಿ ಎಲ್ಲ ತೊಳೆಸಿ, ಪಲ್ಯಕ್ಕೆ ಗುರೆಳ್ಳು ಪುಡಿ ಮಾಡಿ ಇಟ್ಟಿದ್ದರು. ಎಪ್ಪತ್ತು ವರ್ಷದ ಕೈರುಚಿ ಬದಲಾಯಿಸೋದು ಸಣ್ಣ ಮಾತಲ್ಲ. ನನಗೆ ಕಣ್ಣು ತುಂಬಿತು.

ಪೆನ್ನು ತೋರಿಸಿದಾಗ ಮಾತ್ರ ಹೆದರಿದರು. "ಇಷ್ಟು ಸಣ್ಣ ಕೂಸಿಗಿ ನಾ ಹ್ಯಾಂಗ ಚುಚ್ಚಲಿ ನೋಡವ್ವಾ" ಅಂದರು. ಸೂಜಿ ಇಲ್ಲದ ಅಭ್ಯಾಸದ ಪೆನ್ನು ಕೈಗೆ ಕೊಟ್ಟೆ. ನೀಲಿ ಮುಚ್ಚಳ ತೆಗಿ, ಕಿತ್ತಳೆ ತುದಿ ತೊಡೆಯ ಹೊರಬದಿಗೆ, ಬಟ್ಟೆ ಮೇಲಿಂದಲೇ, ಕಟ್ ಅನ್ನುವವರೆಗೆ ಒತ್ತು, ಮೂರು ಎಣಿಸು. ಕಾಲು ಗಟ್ಟಿ ಹಿಡಿದಿರಬೇಕು, ಮಗು ಒದೆದರೆ ಸೂಜಿ ಚರ್ಮ ಸೀಳುತ್ತೆ. ಆಮೇಲೆ 108ಕ್ಕೆ ಫೋನು. ಮಗುವನ್ನು ಮಲಗಿಸೇ ಇಡಬೇಕು, ಎಬ್ಬಿಸಿ ನಿಲ್ಲಿಸಬಾರದು. ಉಸಿರು ಕಷ್ಟ ಆದರೆ ಕೂರಿಸಬಹುದು. ದಿನಾ ಸಂಜೆ ತುಳಸಿಗೆ ದೀಪ ಇಟ್ಟ ಮೇಲೆ ಅತ್ತೆ ತಮ್ಮ ತೊಡೆಗೇ ಒತ್ತಿಕೊಂಡು ಅಭ್ಯಾಸ ಮಾಡುತ್ತಾರೆ. ಪುಟ್ಟಿ ಪಕ್ಕದಲ್ಲಿ ಕೂತು "ಒಂದು, ಎರಡು, ಮೂರು" ಅಂತ ಎಣಿಸುತ್ತಾಳೆ.

ಹೊರಗೆ 42, ಜೆಲ್ ಚೀಲದೊಳಗೆ 26. ದಿನಕ್ಕೊಂದು ಸಲ ನೆನೆಸಬೇಕಾಗುತ್ತೆ.

ಜೂನ್ 20

ಶಾಲೆ ಶುರು. ಹೊಸ ಜೋಡಿ ಪೆನ್ನು ಶಾಲೆಗೆ ಕೊಟ್ಟೆವು, ಎಕ್ಸ್‌ಪೈರಿ ಮುಂದಿನ ಜುಲೈ. ಮೂರನೇ ದಿನ ಹೋಗಿ ನೋಡಿದರೆ ಆಫೀಸಿನ ಬೀಗ ಹಾಕಿದ ಅಲ್ಮೇರಾದಲ್ಲಿ ಭದ್ರವಾಗಿಟ್ಟಿದ್ದಾರೆ, ಕೀಲಿ ಇರುವವರು ರಜೆ. ಅವರು ಜೋಪಾನ ಮಾಡಲೆಂದೇ ಇಟ್ಟದ್ದು, ಆದರೆ ಕೀಲಿ ಹುಡುಕುವಷ್ಟು ಹೊತ್ತು ನಮ್ಮ ಹತ್ತಿರ ಇಲ್ಲ. ಪ್ರಿನ್ಸಿಪಾಲ್ ಜೊತೆ ಕೂತು ಮಾತಾಡಿದ ಮೇಲೆ ಈಗ ಕ್ಲಾಸಿನಲ್ಲೇ, ಮಕ್ಕಳ ಕೈಗೆಟುಕದ ಎತ್ತರದಲ್ಲಿ, ಬೀಗ ಇಲ್ಲದ ಶೆಲ್ಫಿನಲ್ಲಿದೆ. ಪಕ್ಕದಲ್ಲಿ ಪುಟ್ಟಿಯ ಫೋಟೋ, ಲಕ್ಷಣಗಳು, ಡಾಕ್ಟರ್ ಸಹಿ ಮಾಡಿದ ಚೀಟಿ, ಎಲ್ಲ ಕನ್ನಡದಲ್ಲಿ. ಆಯಮ್ಮನಿಗೂ ಕಲಿಸಿದೆವು, ಊಟದ ಹೊತ್ತಿನಲ್ಲಿ ಮಕ್ಕಳ ಪಕ್ಕ ಇರೋದು ಅವರೇ ಅಲ್ವಾ.

ಸೆಪ್ಟೆಂಬರ್ 2

ಆಗಸ್ಟ್ ಸಿರಿಂಜ್ ಬದಲಾಯಿಸಲು ಹೋದಾಗ ತೂಕ ನೋಡಿದರು, 15.6 ಕೆಜಿ. ಪೆನ್ನು ಅದೇ. ಸಿರಿಂಜಿನ ಗೆರೆ ಮಾತ್ರ 0.16ಕ್ಕೆ ಏರಿತು. ಹಳೇ ಚೀಟಿ ಮೂರು ಕಡೆ ಇತ್ತು, ಮೂರನ್ನೂ ಹರಿದು ಹೊಸದು ಅಂಟಿಸಿದೆ. ಇನ್ನು ಮೇಲೆ ಸಿರಿಂಜ್ ಬದಲಾದಾಗಲೆಲ್ಲ ತೂಕ.

ನವೆಂಬರ್ 16

ಕಾರ್ತಿಕ ಮಾಸದ ಕೊನೇ ಸೋಮವಾರ ಹತ್ತಿರ ಬಂತು. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ನಮ್ಮನೆಯಿಂದ ನಡೆದು ಹೋಗುವ ದೂರ, ಹೋದ ವರ್ಷ ಹೋಗಿದ್ದೆವು. ಈ ವರ್ಷ ಬುಲ್ ಟೆಂಪಲ್ ರಸ್ತೆ ಕಡೆಗೇ ಹೋಗಲ್ಲ. ಶಾಲೆ ವ್ಯಾನು ಆ ದಿನಗಳಲ್ಲಿ ಬೇರೆ ದಾರಿಯಲ್ಲಿ ಬರುತ್ತೆ, ಮಕ್ಕಳು ವ್ಯಾನಿನಲ್ಲಿ ಕಡಲೆಕಾಯಿ ತಿನ್ನದ ಹಾಗೆ ಬೇರೆ ಅಮ್ಮಂದಿರು ತಾವಾಗೇ ಒಪ್ಪಿದರು.

ಇವತ್ತಿನ ಲೆಕ್ಕ. ಚೀಲದಲ್ಲಿ ಏಪ್ರಿಲ್ ಜೋಡಿ, ತಿಳಿಯಾಗಿದೆ. ಶಾಲೆಯಲ್ಲಿ ಜುಲೈ ಜೋಡಿ, ಶುಕ್ರವಾರ ನೋಡಿ ಬಂದೆ. ಮನೆಯಲ್ಲಿ ಮೊನ್ನೆ ತುಂಬಿಸಿದ ಸಿರಿಂಜ್ ಎರಡು, ಬಿಸಿಲು ತಿಂದ ಫೆಬ್ರವರಿ ಜೋಡಿ. ಫೆಬ್ರವರಿ ಮುಗಿದ ಮೇಲೂ ಹೊಸದು ಬರುವವರೆಗೆ ಅದನ್ನು ಎಸೆಯಲ್ಲ. ಬೇರೇನೂ ಕೈಗೆ ಸಿಗದಿದ್ದರೆ, ಬಣ್ಣ ತಿರುಗದ ಹಳೇ ಪೆನ್ನಾದರೂ ಚುಚ್ಚೋದೇ ಸರಿ ಅಂದಿದ್ದಾರೆ ಡಾಕ್ಟರ್. ಹೊಸದು ಬಂದ ಮೇಲೆ ಒಂದನ್ನು ಮೋಸಂಬಿಗೆ ಚುಚ್ಚಿ ನೋಡುತ್ತೇವೆ, ನಿಜವಾದ ಪೆನ್ನು ಕೈಗೆ ಹೇಗೆ ತಗಲುತ್ತೆ ಅಂತ ನಮ್ಮನೆಯವರಿಗೂ ಗೊತ್ತಾಗಲಿ. ಆಮೇಲೆ ಎರಡೂ ಆಸ್ಪತ್ರೆಯ ಸೂಜಿ ಡಬ್ಬಿಗೆ.

ತಮ್ಮ ಜನವರಿಯಲ್ಲಿ ಬರುತ್ತಿದ್ದಾನೆ. ಎಷ್ಟು ತರಲಿ ಅಂತ ಕೇಳಿದ. ಮನೆಗೆ ಎರಡು ಅಂದೆ. ಫೋನ್ ಇಟ್ಟ ಮೇಲೆ ವ್ಯಾನಿನ ನಲವತ್ತು ನಿಮಿಷ ನೆನಪಾಯಿತು, ಅಷ್ಟು ಹೊತ್ತು ಚೀಲ ಪುಟ್ಟಿಯ ಬ್ಯಾಗಿನಲ್ಲಿರುತ್ತೆ, ಆದರೆ ಜೊತೆಗಿರುವ ಅಕ್ಕನಿಗೆ ನಾವಿನ್ನೂ ಕಲಿಸಿಲ್ಲ. ಅಭ್ಯಾಸದ ಪೆನ್ನು ಹುಡುಕಿಟ್ಟಿದ್ದೇನೆ. ಸೋಮವಾರ ಬೆಳಿಗ್ಗೆ ಏಳೂವರೆಗೆ ಗೇಟಿನ ಹತ್ತಿರ ಸಿಗುತ್ತೇನೆ ಅಂದಿದ್ದಾರೆ.