ಅಡವಿಟ್ಟ ಚಂದ್ರನನ್ನು ನಾನು ಬಿಡಿಸಿ ತಂದದ್ದು

ಶಿವಮೊಗ್ಗದ ವಿನೋಬನಗರದ ಬಾಡಿಗೆ ಕೋಣೆಯಲ್ಲಿ ಕುಳಿತು ನಾನು ಬೆಂಗಳೂರಿನ ಅನಿಮೇಷನ್ ಸ್ಟುಡಿಯೋ ಒಂದಕ್ಕೆ ಕಾಂಪ್ ಮಾಡಿಕೊಡುತ್ತೇನೆ, ಅಂದರೆ ಪಾತ್ರ, ಹಿನ್ನೆಲೆ, ಬೆಳಕುಗಳನ್ನು ಒಂದೇ ದೃಶ್ಯವಾಗಿ ಜೋಡಿಸುವ ಕೆಲಸ. ಕಳೆದ ಮಳೆಗಾಲದಲ್ಲಿ ಕೈಗೆ ಬಂದ ಸರಣಿ ವಯಸ್ಕರಿಗೆಂದು ಮಾಡಿದ ತಲೆಬುಡವಿಲ್ಲದ ಹಾಸ್ಯ. ಅಲ್ಲಿ ಬಸ್ಸುಗಳು ಮದುವೆಯಾಗುತ್ತವೆ, ತೆರಿಗೆ ಅಧಿಕಾರಿ ಒಂದು ಬಸವನಹುಳು. ಏಳನೆಯ ಕಂತಿನ ರಾತ್ರಿಯ ಬಿಜಿಗಳಲ್ಲಿ, ಎಂದರೆ ಹಿನ್ನೆಲೆ ಚಿತ್ರಗಳಲ್ಲಿ, ಆಕಾಶ ಬರಿದಾಗಿತ್ತು. ಚಂದ್ರನ ಲೇಯರ್ ಬಿಟ್ಟುಹೋಗಿದೆ ಎಂದು ನಾನೇ ತೀರ್ಮಾನಿಸಿ, ಎರಡನೆಯ ಕಂತಿನ ಫೈಲಿನಿಂದ ಪೂರ್ಣಚಂದ್ರನನ್ನು ತಂದು 31 ಶಾಟ್‌ಗಳಲ್ಲಿ ಕೂರಿಸಿ, ಗ್ಲೋ ಕೊಟ್ಟು, ಛಾವಣಿಗಳ ಅಂಚಿಗೆ ರಿಮ್ ಲೈಟನ್ನೂ ಹಚ್ಚಿದೆ. ಕೆಲಸ ಚೆನ್ನಾಗಿಯೇ ಇತ್ತು, ಈಗಲೂ ಹಾಗೆಯೇ ಹೇಳುತ್ತೇನೆ.

ರಿವ್ಯೂ ಕಾಲ್‌ನಲ್ಲಿ ನಾಲ್ಕನೆಯ ಶಾಟ್ ಮುಗಿದ ಮೇಲೆ ಯಾರೂ ಮಾತನಾಡಲಿಲ್ಲ. ಹೊರಗೆ ಮಳೆ ಹೊಯ್ಯುತ್ತಿದ್ದುದರಿಂದ ನೆಟ್‌ವರ್ಕ್ ಹೋಗಿರಬೇಕೆಂದು ನಾನು ಎರಡು ಸಲ ‘ಕೇಳಿಸುತ್ತಿದೆಯೇ’ ಎಂದೆ. ಆಗ ನಿರ್ದೇಶಕರು, ‘ಚಂದ್ರನನ್ನು ಬಿಡಿಸಿಕೊಂಡು ಬಂದವರು ಯಾರು?’ ಎಂದು ಕೇಳಿದರು. ನಾನದನ್ನು ಮೆಚ್ಚುಗೆಯೆಂದು ತಿಳಿದು, ನಕ್ಕು, ಬೆಳದಿಂಗಳನ್ನು ಹೇಗೆ ಸಾಧಿಸಿದೆನೆಂಬುದನ್ನು ವಿವರಿಸತೊಡಗಿದೆ. ನಮ್ಮ ತಂಡದ ಲೀಡ್, ಅಂದರೆ ಮುಖ್ಯಸ್ಥರು, ಚಾಟ್‌ನಲ್ಲಿ ‘ಮೂರನೆಯ ಕಂತು’ ಎಂದು ಮೂರು ಸಲ ಬರೆದದ್ದನ್ನು ನಾನು ನೋಡಿದ್ದು ಆ ವಿವರಣೆಯೆಲ್ಲ ಮುಗಿದ ಮೇಲೆ. ಮೂರನೆಯ ಕಂತಿನಲ್ಲಿ ನಾಯಕ ದಂಡ ಕಟ್ಟಲು ಚಂದ್ರನನ್ನೇ ಗಿರವಿ ಇಟ್ಟಿದ್ದ. ಏಳನೆಯ ಕಂತಿನಲ್ಲಿ, ಹುಣ್ಣಿಮೆಯಿಲ್ಲದೆ ಕೆಲಸ ಕಳೆದುಕೊಂಡ ತೋಳಮನುಷ್ಯ ನಿರುದ್ಯೋಗ ಭತ್ಯೆಯ ಸಾಲಿನಲ್ಲಿ ನಿಂತು ಅಳುತ್ತಾನೆ, ಮತ್ತು ಅವನ ನೆತ್ತಿಯ ಮೇಲೆಯೇ ನನ್ನ ಚಂದ್ರ ಬೆಳಗುತ್ತಿದ್ದ.

ನನ್ನ ತಲೆಯಲ್ಲಿದ್ದುದು 1997ರಲ್ಲಿ ಆರಂಭವಾದ ಅಮೆರಿಕದ ಅನಿಮೇಷನ್ ಹಾಸ್ಯ ಸರಣಿ ‘ಸೌತ್ ಪಾರ್ಕ್’. ಅದರ ಮೊದಲ 5 ಸೀಸನ್‌ಗಳಲ್ಲಿ ಕೆನ್ನಿ ಎಂಬ ಹುಡುಗ ಹೆಚ್ಚುಕಡಿಮೆ ಕಂತಿಗೊಮ್ಮೆ ಸತ್ತು ಮುಂದಿನ ಕಂತಿಗೆ ಏನೂ ಆಗದವನಂತೆ ಬರುತ್ತಾನೆ. ಇಂಥ ಲೋಕದಲ್ಲಿ ನಿನ್ನೆಯ ಲೆಕ್ಕ ಇಂದಿಗೆ ಬೇಡವೆಂದುಕೊಂಡಿದ್ದೆ. ಲೀಡ್ ನನಗೆ 2014ರ ಇನ್ನೊಂದು ಅನಿಮೇಷನ್ ಸರಣಿ ‘ಬೋಜ್ಯಾಕ್ ಹಾರ್ಸ್‌ಮನ್’ ಅನ್ನು ನೆನಪಿಸಿದರು: ಮೊದಲ ಸೀಸನ್ನಿನ 6ನೆಯ ಕಂತಿನಲ್ಲಿ ಕುದುರೆಮುಖದ ನಟ ಕುಡಿದ ಅಮಲಿನಲ್ಲಿ ಹಾಲಿವುಡ್ ಫಲಕದ ‘ಡಿ’ ಅಕ್ಷರವನ್ನು ಕದಿಯುತ್ತಾನೆ, ಅಲ್ಲಿಂದಾಚೆಗೆ ಆ ಊರನ್ನು ಎಲ್ಲರೂ ಗಂಭೀರವಾಗಿ ‘ಹಾಲಿವೂ’ ಎಂದೇ ಕರೆಯುತ್ತಾರೆ. ಕುದುರೆ ಮಾತನಾಡುವುದನ್ನು ಯಾರೂ ಪ್ರಶ್ನಿಸುವುದಿಲ್ಲ, ಆದರೆ ಹೋದ ಅಕ್ಷರ ಹೋದದ್ದೇ. ಯಕ್ಷಗಾನ ಮೇಳದ ಆಟ ನೋಡಿ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ರಂಗದ ಮೇಲೆ ಒಂದು ಸುತ್ತು ಹಾಕಿ ಲಂಕೆ ಮುಟ್ಟಿದರೆ ತೀರ್ಥಹಳ್ಳಿಯ ನಮ್ಮಜ್ಜ ತಕರಾರೆತ್ತುತ್ತಿರಲಿಲ್ಲ. ರಾಮನ ಪಾತ್ರಧಾರಿ ರಾಕ್ಷಸರ ಬಣ್ಣದ ವೇಷದ ಕಿರೀಟ ಹೊತ್ತು ಬಂದಿದ್ದರೆ ಎದ್ದು ನಿಂತು ಕೂಗುತ್ತಿದ್ದರು.

ಆದರೂ ಇಡೀ ತಪ್ಪನ್ನು ನಾನೊಬ್ಬನೇ ಹೊರಲಾರೆ. ಕಾಂಪ್‌ನವರಿಗೆ ಕಂತು ತೋರಿಸುವ ಪದ್ಧತಿಯೇ ಆ ಸ್ಟುಡಿಯೋದಲ್ಲಿ ಇಲ್ಲ, ಶಾಟ್ ಪಟ್ಟಿ ಮತ್ತು ಕೋಟಾ ಮಾತ್ರ ಬರುತ್ತವೆ. ಚಂದ್ರನ ಸಂಗತಿ ಬೈಬಲ್‌ನಲ್ಲಿ, ಅಂದರೆ ಸರಣಿಯ ಕಥಾಲೋಕದ ವಿವರಗಳನ್ನು ಬರೆದಿಟ್ಟ ಕಡತದಲ್ಲಿ, ಇದೆಯಂತೆ. ಬೈಬಲ್ ಇರುವ ಫೋಲ್ಡರಿಗೆ ನನಗೆ ಪರ್ಮಿಷನ್ ಸಿಕ್ಕಿದ್ದು ರಿಟೇಕ್, ಎಂದರೆ ಶಾಟ್‌ಗಳನ್ನು ತಿದ್ದಿ ಕಳಿಸಬೇಕೆಂಬ ಸೂಚನೆ, ಬಂದ ಮರುದಿನ.

ಕರೆಂಟ್ ಬಂದು ಹೋಗುವ ನಡುವೆಯೇ 31 ಶಾಟ್‌ಗಳ ಚಂದ್ರನನ್ನೂ ತೆಗೆದು ಕಳಿಸಿದೆ. ಒಂದರಲ್ಲಿ ಛಾವಣಿಯ ರಿಮ್ ಲೈಟ್ ಉಳಿದುಹೋಗಿತ್ತು. ನಿರ್ದೇಶಕರು ಅದನ್ನು ತೆಗೆಸಲಿಲ್ಲ. ಬೆಳಕು ಬರುವುದಾದರೆ ಗಿರವಿ ಅಂಗಡಿಯ ಕಿಟಕಿಯಿಂದ ಬರಲಿ ಎಂದು ಬರೆದು, ಇಲ್ಲದ ಕಿಟಕಿಯೊಂದನ್ನು ಸೇರಿಸಲು ಮತ್ತೊಂದು ರಿಟೇಕ್ ಕಳಿಸಿದರು.